ಷಡ್ಡಕನ ಜೊತೆ ಮತ್ತೆ ಹಿಮಕ್ಕೆ

ಆಗಸ್ಟ್ ತಿಂಗಳು ಬಂತೆಂದರೆ ನನ್ನ ಷಡ್ಡಕರ ಮುಖ ಎರಡು ಬಣ್ಣಕ್ಕೆ ತಿರುಗುತ್ತಿತ್ತು. ಮೂಗು, ಕೆನ್ನೆ, ಗದ್ದವೆಲ್ಲ ಹುರಿದ ಕಡಲೆಬೀಜದ ಹಾಗೆ ಕಂದುಗಪ್ಪು. ಕಣ್ಣಿನ ಸುತ್ತ ಮಾತ್ರ, ಗಾಗಲ್ಸ್ ಕೂತಿದ್ದ ಅಗಲಕ್ಕೆ, ಅರಸೀಕೆರೆಯಿಂದ ಹೊತ್ತು ತಂದಿದ್ದ ಹುಟ್ಟುಬಣ್ಣ. ಆ ಮುಖದಲ್ಲೇ ಪಂಚೆಯುಟ್ಟು ಮೆಲ್ಬರ್ನಿನ ಗಣೇಶನ ಹಬ್ಬಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಇದೇನು ಹೀಗಾಗಿದೆ ಎಂದು ಯಾರಾದರೂ ಕೇಳಿದರೆ ಬಿಸಿಲು ಎನ್ನುತ್ತಿದ್ದರು. ಮೆಲ್ಬರ್ನಿನ ಚಳಿಗಾಲದಲ್ಲಿ ಬಿಸಿಲನ್ನು ಎಲ್ಲಿಂದ ಹುಡುಕಿ ತಂದರೋ ಎಂದು ಕೇಳಿದವರಿಗೆ ಸೋಜಿಗವಾಗುತ್ತಿತ್ತು.

ನನ್ನ ಹೆಂಡತಿಯ ಅಕ್ಕನ ಗಂಡ ಅವರು. ನಾನು ಭಾವ ಎಂದು ಕರೆಯುತ್ತಿದ್ದೆ. ಷಡ್ಡಕರೆಂದರೆ ನಮ್ಮ ಕಡೆ ಮಾವನ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಂಡು, ಆಮೇಲೆ ಜಗಲಿಯಲ್ಲಿ ಮಾವನನ್ನೇ ಆಡಿಕೊಳ್ಳುವಷ್ಟು ಮಾತ್ರದ ಸಂಬಂಧ. ನಮ್ಮ ಮದುವೆಯ ಹೊತ್ತಿಗಾಗಲೇ ಅವರು ಮೆಲ್ಬರ್ನಿನಲ್ಲಿ ನೀರು ಸರಬರಾಜಿನ ಎಂಜಿನಿಯರಾಗಿ ನೆಲೆ ನಿಂತಿದ್ದರು. ನಾವು ಸಿಡ್ನಿಗೆ ಬಂದು ಕ್ವೇಕರ್ಸ್ ಹಿಲ್‌ನಲ್ಲಿ ಒಂದು ಬಾಡಿಗೆ ಮನೆ ಹಿಡಿದು, ಇನ್ನೂ ಹಾಸಿಗೆ ಕೊಂಡಿರಲಿಲ್ಲ, ಆಗಲೇ ಅವರ ಫೋನು. ಜುಲೈನಲ್ಲಿ ಬ್ರೈಟ್ ಎಂಬ ಊರಿನಲ್ಲಿ ಮನೆ ಬುಕ್ ಮಾಡಿದ್ದೇನೆ, ಇಬ್ಬರೂ ಬನ್ನಿ, ನಿನಗೆ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿಸುತ್ತೇನೆ ಎಂದರು. ನನಗೆ ಕೆಲಸವೇ ಸಿಕ್ಕಿಲ್ಲ ಭಾವ ಎಂದೆ. ಹಾಗಾದರೆ ರಜೆ ಕೇಳುವ ತಾಪತ್ರಯವೂ ಇಲ್ಲ ಎಂದರು.

ಬ್ರೈಟ್ ಇರುವುದು ವಿಕ್ಟೋರಿಯಾದ ಹಿಮ ಬೀಳುವ ಬೆಟ್ಟಗಳ ಬುಡದಲ್ಲಿ. ನಾನು ಹೋದ ಅವತಾರವನ್ನು ಈಗ ನೆನೆದರೂ ನಾಚಿಕೆಯಾಗುತ್ತದೆ. ಜೀನ್ಸ್, ಅದರ ಮೇಲೆ ಅಮ್ಮ ಹೆಣೆದ ಸ್ವೆಟರುಗಳು ಒಂದರ ಮೇಲೊಂದು, ತಲೆಗೆ ಮಂಕಿ ಕ್ಯಾಪು. ಚಳಿಗೆ ಮುಖ ಒಡೆಯುತ್ತದೆಂದು ನನ್ನ ಹೆಂಡತಿ ಇಬ್ಬರ ಮುಖಕ್ಕೂ ಕೊಬ್ಬರಿ ಎಣ್ಣೆ ಬಳಿದಿದ್ದಳು. ಹಿಮದ ಮೇಲೆ ಬಿದ್ದ ಬಿಸಿಲು ಕೆಳಗಿನಿಂದಲೂ ಸುಡುತ್ತದೆಂದು ನಮಗೇನು ಗೊತ್ತು. ಸಾಯಂಕಾಲದ ಹೊತ್ತಿಗೆ ಜೀನ್ಸ್ ನೆನೆದು ಹಲಗೆಯಾಗಿತ್ತು, ಮುಖದ ಚರ್ಮ ಸುಲಿದು ಬರುತ್ತಿತ್ತು. ಭಾವ ನಮ್ಮನ್ನು ನೋಡಿ ಗೋಡೆ ಹಿಡಿದುಕೊಂಡು ನಕ್ಕರು. ಆಮೇಲೆ ತಾವೇ ಒಳಗೆ ಹೋಗಿ ತಣ್ಣನೆಯ ಮೊಸರು ತಂದು, ಹಚ್ಚಿಕೊಳ್ಳಿ ಎಂದು ಇಬ್ಬರ ಮುಂದೆ ಇಟ್ಟರು.

ಅವರು ಕಲಿಸುವ ಕ್ರಮವೇ ಬೇರೆ. ಬೇರೆ ಮೇಷ್ಟರುಗಳೆಲ್ಲ ಮುಂದೆ ಹೋಗಿ, ನನ್ನ ಹಾಗೆ ಬನ್ನಿ ಎನ್ನುತ್ತಿದ್ದರೆ ಇವರು ಸದಾ ನನ್ನ ಹಿಂದೆ. ಮುಂದೆ ಹೋದರೆ ನೀನು ಬಿದ್ದದ್ದು ನನಗೆ ಹೇಗೆ ಗೊತ್ತಾಗಬೇಕು ಎನ್ನುತ್ತಿದ್ದರು. ಬೆನ್ನ ಹಿಂದಿನಿಂದ ಅಚ್ಚ ಕನ್ನಡದಲ್ಲಿ ಬೈಗುಳ ಬರುತ್ತಿತ್ತು. ಕಣಿವೆ ಕಡೆಯ ಕಾಲಿಗೆ ಭಾರ ಹಾಕು, ಗುಡ್ಡ ತಬ್ಬಿಕೊಳ್ಳಬೇಡ, ಅದೇನು ನಿಮ್ಮತ್ತೆ ಮನೆ ಕಂಬವಾ ಎಂದು. ನಾನು ಹೆದರಿ ಇಳಿಜಾರಿನ ನಡುವೆ ಮರಗಟ್ಟಿ ನಿಂತಾಗ ಮಾತ್ರ ಬೈಯುತ್ತಿರಲಿಲ್ಲ. ಪಕ್ಕಕ್ಕೆ ಜಾರಿಕೊಂಡು ಬಂದು ಜೇಬಿನಿಂದ ಕೋಡುಬಳೆ ತೆಗೆದು ಒಂದು ನನಗೆ ಕೊಟ್ಟು, ಒಂದು ತಾವು ಕಟಕಟ ಕಡಿಯುತ್ತ ನಿಲ್ಲುತ್ತಿದ್ದರು. "ಬೆಟ್ಟ ಎಲ್ಲೂ ಹೋಗಲ್ಲ ಕಣಯ್ಯ. ಮೊದ್ಲು ಉಸಿರಾಡು."

ಆ ಮಾತು ನನಗೆ ಹಿಮದಲ್ಲಿ ಬಂದಷ್ಟೇ ಉಪಯೋಗಕ್ಕೆ ಇಂಟರ್‌ವ್ಯೂಗಳಲ್ಲಿ ಬಂತು. ಪಿಆರ್‌ಗೆ ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿಗೆ ಕಾದ ದಿನಗಳಲ್ಲಿ, ಮುಂದೆ ಒಮ್ಮೆ ಕೆಲಸ ಹೋದಾಗಲೂ ಬಂತು. ಮೊದಲ ಕೆಲಸ ಸಿಕ್ಕಿದ ದಿನ ಅಪ್ಪನಿಗಿಂತ ಮೊದಲು ಭಾವನಿಗೆ ಫೋನ್ ಮಾಡಿದ್ದೆ.

ಆಮೇಲೆ ಹಲವು ಚಳಿಗಾಲ ಎರಡು ಮನೆಯವರೂ ಬ್ರೈಟ್‌ನಲ್ಲಿ ಸೇರಿದೆವು. ಅಕ್ಕ, ಅಂದರೆ ಭಾವನ ಹೆಂಡತಿ, ಸ್ಕೀ ಮೇಲೆ ಕಾಲಿಟ್ಟವರಲ್ಲ. ಕೆಳಗೆ ಬೆಂಚಿನ ಮೇಲೆ ಕೂತು ಹಾಟ್‌ಪ್ಯಾಕ್‌ನಲ್ಲಿ ಬಿಸಿಬೇಳೆಬಾತು ಕಾಯುವುದು ಅವರ ಪಾಲು. ಹೀಗೆ ಸೇರುವುದನ್ನು ಮೊದಲು ನಿಲ್ಲಿಸಿದವನು ನಾನೇ. ಒಂದು ವರ್ಷ ಮನೆ ಕೊಂಡೆವು, ಮಾರ್ಟ್‌ಗೇಜ್ ಎಂದು ಬರಲಿಲ್ಲ. ಒಂದು ವರ್ಷ ಅಮ್ಮ ಬಂದಿದ್ದಳು. ಮತ್ತೆ ಮಗನ ಪರೀಕ್ಷೆ, ಮತ್ತೆ ನನ್ನ ಮೊಣಕಾಲು. ಮುಂದಿನ ವರ್ಷ ಖಂಡಿತ ಭಾವ, ಎನ್ನುತ್ತಿದ್ದೆ. ಅವರು ಆಗಲಿ ಎನ್ನುತ್ತಿದ್ದರು. ಹಾಗೆ ಹತ್ತಾರು ವರ್ಷ ಹೋಯಿತು. ಸ್ಕೀಗಳು ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಮಿಷಿನ್ನಿನ ಹಿಂದೆ ಸೇರಿದವು. ಬೆಳಿಗ್ಗೆ ರೈಲು, ಸಂಜೆ ರೈಲು, ನಡುವೆ ಮೀಟಿಂಗು. ಶನಿವಾರ ಬಂದರೆ ಮಲಗಿದರೆ ಸಾಕೆನಿಸುವ ವಯಸ್ಸು ಯಾವಾಗ ಬಂತೋ ತಿಳಿಯಲಿಲ್ಲ.

ಆ ಹೊತ್ತಿಗೆ ಭಾವನಿಗೆ ಪಾರ್ಕಿನ್ಸನ್ಸ್ ಹಿಡಿದಿತ್ತು. ಮೊದಲು ಎಡಗೈ ಹೆಬ್ಬೆರಳು ನಡುಗಿತು. ಆಮೇಲೆ ದನಿ ಸಣ್ಣದಾಯಿತು. ಆಮೇಲೆ ಕಾಲು. ನಡೆಯುತ್ತ ನಡೆಯುತ್ತ ಬಾಗಿಲ ಹತ್ತಿರ ಬಂದರೆ ಎರಡೂ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿದ್ದವು. ಮನಸ್ಸು ಮುಂದೆ ಹೋಗು ಎನ್ನುತ್ತದೆ, ಕಾಲು ಕೇಳುವುದಿಲ್ಲ. ನೆಲದ ಮೇಲೆ ಅಡ್ಡಡ್ಡ ಗೆರೆಗಳಿದ್ದರೆ ಅವನ್ನು ದಾಟಲು ಹೋಗಿ ಕಾಲು ಏಳುತ್ತದೆ ಎಂದು ಫಿಸಿಯೋ ಹೇಳಿ, ಬಣ್ಣದ ಟೇಪು ಅಂಟಿಸಿ ಹೋದಳು. ಭಾವ ಟೇಪಿನ ಮೇಲೇ ಕಾಲಿಟ್ಟು ಅಲ್ಲೇ ನಿಂತರು. ನಾಲ್ಕು ದಿನ ನೋಡಿದ ಅಕ್ಕ ಟೇಪು ಕಿತ್ತು ಹಾಕಿ, ದೇವರ ಮನೆಯಿಂದ ರಂಗೋಲಿ ಬಟ್ಟಲು ತಂದರು. ಮಂಚದಿಂದ ಬಚ್ಚಲಿನವರೆಗೆ ಒಂದೊಂದು ಹೆಜ್ಜೆಗೆ ಒಂದೊಂದು ಗೆರೆ ಎಳೆದರು. ರಂಗೋಲಿ ತುಳಿಯಬಾರದೆಂದು ಹುಡುಗನಾಗಿದ್ದಾಗ ತಾಯಿಯಿಂದ ಏಟು ತಿಂದ ಕಾಲು ಅದು. ಗೆರೆ ಕಂಡಲ್ಲೆಲ್ಲ ಎತ್ತಿ ಎತ್ತಿ ಆಚೆಗಿಟ್ಟಿತು. ಫಿಸಿಯೋ ಇದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಹೋದಳಂತೆ.

ಕೇಳುವುದಕ್ಕೆ ಚೆನ್ನಾಗಿರುತ್ತದೆ. ಆದರೆ ದಿನಾ ಬೆಳಿಗ್ಗೆ ಬಗ್ಗಿ ಆ ಗೆರೆ ಎಳೆಯಬೇಕಾದವರು, ಅಳಿಸಿದಲ್ಲಿ ಮತ್ತೆ ಎಳೆಯಬೇಕಾದವರು, ರಾತ್ರಿ ಒರೆಸಬೇಕಾದವರು ಅಕ್ಕ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಭಾವನಿಗೆ ಆಗುತ್ತಿರಲಿಲ್ಲ, ಅದಕ್ಕೂ ಅಕ್ಕನೇ ಏಳಬೇಕು. ಕನಸಿನಲ್ಲಿ ಕೂಗಿಕೊಂಡು ಕಾಲು ಝಾಡಿಸುತ್ತಿದ್ದರು. ನಾವು ಸಿಡ್ನಿಯಿಂದ ಹೋದಾಗ ಅಕ್ಕ ಸಾರಿಗೆ ಉಪ್ಪು ಹಾಕಿದ್ದನ್ನು ಮರೆತು ಇನ್ನೊಮ್ಮೆ ಹಾಕಿ, ಅದೇ ಸಾರನ್ನು ತಾವೂ ಉಂಡರು. ಏನೂ ಗೊತ್ತಾದಂತೆ ಕಾಣಲಿಲ್ಲ. ನನ್ನ ಹೆಂಡತಿ ಅಡಿಗೆ ಮನೆಗೆ ಹೋಗಿ ಅತ್ತಳು.

ಭಾವ ಮನಸ್ಸು ಗಟ್ಟಿ ಮಾಡಿದ್ದು ಒಂದು ಸಿಗ್ನಲಿನಲ್ಲಿ. ಡಾಕ್ಟರ ಹತ್ತಿರ ಹೋಗಿ ಬರುವಾಗ ಕೆಂಪು ದೀಪಕ್ಕೆ ಕಾರು ನಿಲ್ಲಿಸಿದ ಅಕ್ಕ ಸ್ಟೀರಿಂಗ್ ಹಿಡಿದುಕೊಂಡೇ ನಿದ್ದೆ ಹೋದರು. ಇದನ್ನು ಭಾವ ನನಗೆ ಫೋನಿನಲ್ಲಿ, ತಡೆದು ತಡೆದು ಹೇಳಿದರು.

"ಹಸಿರು ಬಂತು, ಹೋಯ್ತು. ಮತ್ತೆ ಬಂತು. ಹಿಂದಿನವರು ಹಾರ್ನ್ ಹೊಡೀತಿದ್ರು. ನಾನು ಎಬ್ಬಿಸ್ಲಿಲ್ಲ ಕಣಯ್ಯ. ಅಷ್ಟಾದ್ರೂ ಮಲಗ್ಲಿ ಅನ್ನಿಸ್ತು."

ಅದಾದ ಮೇಲೆ ವಯಸ್ಸಾದವರನ್ನು ನೋಡಿಕೊಳ್ಳುವ ಏಜ್ಡ್ ಕೇರ್ ಮನೆಗೆ ಹೋಗುತ್ತೇನೆಂದು ಅವರೇ ಹಟ ಹಿಡಿದರು. ಅಕ್ಕ ಸುತರಾಂ ಒಪ್ಪಲಿಲ್ಲ. ಗಂಡನನ್ನು ನೋಡಿಕೊಳ್ಳಲಾಗದೆ ಹೊರಗೆ ಹಾಕಿದಳು ಎಂದು ಜನ ಆಡಿಕೊಳ್ಳುವುದನ್ನು ಕೇಳಿಕೊಂಡು ಬದುಕಿರಲಾರೆ ಎಂದರು. ಜನ ಎಂದರೆ ಯಾರು ಎಂದು ಅವರ ಮಗಳು ಜಗಳವಾಡಿದಳು. ಮಗಳಿಗೆ ಮೆಲ್ಬರ್ನಿನ ಇನ್ನೊಂದು ಮೂಲೆಯಲ್ಲಿ ಮನೆ, ಎರಡು ಚಿಕ್ಕ ಮಕ್ಕಳು. ಅಂತೂ ಒಂದು ಕಡೆ ರೂಮು ಸಿಕ್ಕಿತು, ಅಕ್ಕ ಬಾಯಿ ಮುಚ್ಚಿಕೊಂಡು ಹ್ಞೂಂ ಎಂದರು. ಸೇರುವುದಕ್ಕೆ ಮೊದಲು ಒಮ್ಮೆ ಹಿಮಕ್ಕೆ ಹೋಗಬೇಕು, ಆ ಕಳ್ಳ ಷಡ್ಡಕನನ್ನೂ ಕರೆಸಿ ಎಂದು ಭಾವ ಹೇಳಿದರಂತೆ.

ಡಾಕ್ಟರು ಮೊದಲು ಬೇಡವೆಂದು ತಲೆಯಾಡಿಸಿದರು, ಆಮೇಲೆ ಮಾತ್ರೆಯ ಹೊತ್ತು ತಪ್ಪಿಸಬೇಡಿ, ಮಕ್ಕಳು ಕಲಿಯುವ ಇಳಿಜಾರಿನಿಂದ ಮೇಲೆ ಹೋಗಬೇಡಿ, ಒಬ್ಬರು ಪಕ್ಕದಲ್ಲೇ ಇರಿ ಎಂದು ಕಳಿಸಿದರು. ಪಕ್ಕದಲ್ಲಿರಬೇಕಾದ ಒಬ್ಬರು ನಾನು. ಸಿಡ್ನಿಯಿಂದ ಬೆಳಿಗ್ಗೆ ಹೊರಟು ಹ್ಯೂಮ್ ಹೈವೇಯಲ್ಲಿ ದಿನವೆಲ್ಲ ಓಡಿಸಿ ಬ್ರೈಟ್ ತಲುಪುವಾಗ ಸೊಂಟ ನೆಟ್ಟಗಾಗಲಿಲ್ಲ. ನನಗೇ ಆಸರೆ ಬೇಕಾಗಿರುವಾಗ ನಾನು ಯಾರಿಗೆ ಆಸರೆ ಎಂದು ಹೆಂಡತಿಯ ಹತ್ತಿರ ಗೊಣಗಿದೆ.

ಮರುದಿನ ಬೆಟ್ಟ ಹತ್ತಿ ಸ್ಕೀ ಬಾಡಿಗೆ ಕೊಡುವ ಅಂಗಡಿಯ ಬೆಂಚಿನ ಮೇಲೆ ಭಾವನನ್ನು ಕೂರಿಸಿ, ನಾನು ನೆಲಕ್ಕೆ ಮೊಣಕಾಲೂರಿ ಅವರ ಪಾದವನ್ನು ಬೂಟಿನೊಳಗೆ ತುರುಕಿದೆ. ಬಹಳ ಹೊತ್ತು ಹಿಡಿಯಿತು. ಅಂಗಡಿಯ ಹುಡುಗಿ ಬಂದು ನೆರವು ಬೇಕೇ ಎಂದು ಕೇಳಿ ಹೋದಳು. ಭಾವನ ಕಾಲು ಮೀನಖಂಡದಲ್ಲಿ ಸೊರಗಿ ಕೋಲಿನಂತಾಗಿತ್ತು. ಬೂಟಿನ ಕೊಂಡಿಯನ್ನು ಕೊನೆಯ ಹಲ್ಲಿಗೆ ಸೇರಿಸಿದರೂ ಸಡಿಲವೇ ಉಳಿಯಿತು, ಎರಡನೆಯ ಕಾಲುಚೀಲ ಹಾಕಿದೆವು. ಅವರು ಅಷ್ಟು ಹೊತ್ತೂ ನನ್ನ ತಲೆಯನ್ನೇ ನೋಡುತ್ತಿದ್ದು, ಕೂದಲೆಲ್ಲ ಎಲ್ಲಿ ಹೋಯಿತಯ್ಯ ಎಂದು ಮೆಲ್ಲಗೆ ಕೇಳಿದರು.

ಅಂಗಡಿಯ ಬಾಗಿಲು ದಾಟಿ ಹಿಮಕ್ಕೆ ಬಂದದ್ದೇ ತಡ, ಅವರ ಕಾಲು ನಿಂತಿತು. ಹಿಂದೆ ಬರುತ್ತಿದ್ದವರೆಲ್ಲ ಸುತ್ತಿ ಹೋಗತೊಡಗಿದರು. ಮಗಳು ಒಂದು ತೋಳು, ನಾನು ಒಂದು ತೋಳು ಹಿಡಿದು ನೂಕಿದರೂ ಅಲ್ಲಾಡಲಿಲ್ಲ. ಇನ್ನು ವಾಪಸು ಹೋಗುವುದೇ ಎಂದು ನಾನು ಒಳಗೊಳಗೇ ಸಮಾಧಾನಪಟ್ಟುಕೊಂಡೆ. ನಿಜ ಹೇಳುತ್ತೇನೆ, ಅಷ್ಟು ದಣಿದಿದ್ದೆ. ಅಷ್ಟರಲ್ಲಿ ಅಕ್ಕ ನನ್ನ ಕೈಯಿಂದ ಸ್ಕೀ ಕೋಲು ಕಿತ್ತುಕೊಂಡು ಭಾವನ ಮುಂದೆ ಬಗ್ಗಿ ಹಿಮದಲ್ಲಿ ಅಡ್ಡಗೆರೆ ಎಳೆದರು. ಅದರಾಚೆ ಇನ್ನೊಂದು. ಹಿಂದುಹಿಂದಕ್ಕೆ ನಡೆಯುತ್ತ, ಗೆರೆ ಎಳೆಯುತ್ತ, ಅಂಗಡಿಯಿಂದ ಇಳಿಜಾರಿನ ಬುಡದವರೆಗೆ ಅವರನ್ನು ಕರೆದುಕೊಂಡು ಹೋದರು. ಭಾವ ಒಂದೊಂದನ್ನೂ ಕಾಲೆತ್ತಿ ದಾಟಿದರು. ಗೆರೆಗಳನ್ನು ತುಳಿದು ಹೋದ ಒಬ್ಬ ಹುಡುಗನನ್ನು ಅಕ್ಕ ಕನ್ನಡದಲ್ಲೇ ಗದರಿದರು.

ಮಕ್ಕಳ ಇಳಿಜಾರಿಗೆ ಮೇಲೆ ಹತ್ತಲು ನೆಲಮಟ್ಟದ ಒಂದು ಬೆಲ್ಟು ಇರುತ್ತದೆ, ನಿಂತರೆ ಸಾಕು, ತಾನೇ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಇಬ್ಬರೂ ಸ್ಕೀ ಕಟ್ಟಿಕೊಂಡು, ಭಾವನನ್ನು ಮುಂದೆ ನಿಲ್ಲಿಸಿಕೊಂಡು ಮೇಲೆ ಹೋದೆವು. ಬೆಲ್ಟಿನಿಂದ ಆಚೆ ಸರಿಯುವಾಗ ನಾನು ಬಿದ್ದೆ. ಸಮತಟ್ಟಿನಲ್ಲಿ, ಐದು ವರ್ಷದ ಮಕ್ಕಳೆದುರಿಗೆ. ಎದ್ದು ನೋಡುವಷ್ಟರಲ್ಲಿ ಭಾವ ಹೊರಟಿದ್ದರು.

ಏನಾಯಿತೆಂದು ನನಗೆ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಜಾರುವುದಕ್ಕೆ ಹೆಜ್ಜೆ ಎತ್ತುವ ಕೆಲಸವಿಲ್ಲ, ಕಾಯಿಲೆ ಕಸಿದುಕೊಂಡಿದ್ದು ಹೆಜ್ಜೆಯನ್ನು ಮಾತ್ರ ಎಂದು ಆಮೇಲೆ ಡಾಕ್ಟರು ವಿವರಿಸಿದರು. ಆಗ ನನಗೆ ಕಂಡದ್ದು ಇಷ್ಟು. ಬೆನ್ನು ನೆಟ್ಟಗಾಯಿತು. ಭುಜ ಸಡಿಲವಾಯಿತು. ಎಡಕ್ಕೆ ವಾಲಿ ಒಂದು ದೊಡ್ಡ ತಿರುವು, ಬಲಕ್ಕೆ ವಾಲಿ ಇನ್ನೊಂದು, ಕಣಿವೆ ಕಡೆಯ ಕಾಲಿಗೆ ಭಾರ ಕೊಟ್ಟು, ಆತುರವಿಲ್ಲದೆ. ನಡುಗುವ ಎಡಗೈ ಪಕ್ಕದಲ್ಲಿ ಸುಮ್ಮನೆ ಇತ್ತು. ಕೆಳಗೆ ಅಕ್ಕನ ಪಕ್ಕದಲ್ಲಿ ಮಗಳು ಫೋನ್ ಹಿಡಿದು "ಲುಕ್ ಅಟ್ ಹಿಮ್, ಅಮ್ಮಾ, ಜಸ್ಟ್ ಲುಕ್ ಅಟ್ ಹಿಮ್" ಎನ್ನುತ್ತ ಅಳುತ್ತಿದ್ದಳು. ನಾನು ಹಳೆಯ ಕಾಲನ್ನು ನೂಕಿಕೊಂಡು ಅವರ ಹಿಂದೆ ಹೋದೆ. ಕೆಳಗೆ ಅವರು ತಾವೇ ತಿರುಗಿ ನಿಂತಿದ್ದರು. ಉಸಿರು ಬಿಡುತ್ತಿದ್ದರು, ಕಣ್ಣಲ್ಲಿ ನೀರು, ಮೂಗಲ್ಲೂ ನೀರು. ಅಕ್ಕ ಸೆರಗಿಲ್ಲದ್ದನ್ನು ಮರೆತು ಜಾಕೆಟ್ಟಿನ ತುದಿಯಲ್ಲಿ ಅವರ ಮೂಗೊರೆಸಿದರು. ಇನ್ನೆರಡು ಸಲ ಮೇಲೆ ಹೋಗಿ ಇಳಿದರು. ಆಮೇಲೆ ಸಾಕು ಎಂದರು. ಸ್ಕೀ ಬಿಚ್ಚಿದ ಕೂಡಲೇ ಕಾಲು ಮತ್ತೆ ನೆಲಕ್ಕೆ ಅಂಟಿತು, ಅಕ್ಕ ಮತ್ತೆ ಬಗ್ಗಿ ಗೆರೆ ಎಳೆದರು.

ಸಂಜೆ ಮನೆಯಲ್ಲಿ ಹಬ್ಬ. ನನ್ನ ಹೆಂಡತಿ ಪಾಯಸ ಮಾಡಿದಳು. ಅಕ್ಕನ ಮುಖ ಅಷ್ಟು ಅರಳಿದ್ದನ್ನು ನೋಡಿ ವರ್ಷಗಳಾಗಿತ್ತು. ಇವರಿಗೆ ಬೇಕಾದ್ದು ವ್ಯಾಯಾಮ, ಉತ್ಸಾಹ. ಇವರನ್ನು ಎಲ್ಲಿಗೂ ಕಳಿಸುವುದಿಲ್ಲ, ನಾಳೆಯೇ ಫೋನ್ ಮಾಡಿ ಆ ರೂಮು ಬೇಡ ಅನ್ನುತ್ತೇನೆ ಎಂದರು. ಮಗಳೂ ಹೌದೆಂದಳು. ನಾನೂ ಹೌದೆಂದೆ. ಕಣ್ಣಾರೆ ಕಂಡದ್ದು ಹಾಗಿತ್ತು. ಭಾವ ಚಮಚದಲ್ಲಿ ಪಾಯಸ ಎತ್ತಿಕೊಳ್ಳುತ್ತಿದ್ದರು, ಅರ್ಧ ಅಂಗಿಯ ಮೇಲೆ ಹೋಗುತ್ತಿತ್ತು.

ಹೆಂಗಸರು ಒಳಗೆ ಪಾತ್ರೆ ತೊಳೆಯುವಾಗ ಭಾವ ನನ್ನನ್ನು ಹತ್ತಿರ ಕರೆದರು.

"ಇಳಿಯೋದು ಬಂತು ಅಂತ ಇವರೆಲ್ಲ ಕುಣೀತಿದಾರೆ. ಮನೇಲಿ ಇಳಿಜಾರು ಎಲ್ಲಿದೆಯಯ್ಯಾ?"

ನಾನು ಏನಾದರೂ ಹೇಳಬೇಕೆಂದು, ಹಾಗಲ್ಲ ಭಾವ, ನೀವು ಇವತ್ತು ಎಷ್ಟು ಚೆನ್ನಾಗಿದ್ದಿರಿ ಎಂದೆ. ಅವರು ಕೈ ಅಲ್ಲಾಡಿಸಿದರು. ಇವತ್ತು ಚೆನ್ನಾಗಿದ್ದದ್ದು ನನಗೂ ಗೊತ್ತು, ಅದಕ್ಕೇ ಬಂದದ್ದು, ಆದರೆ ಅವಳು ಇವತ್ತು ಎಷ್ಟು ಸಲ ಬಗ್ಗಿದಳು ನೋಡಿದೆಯಾ ಎಂದು ಕೇಳಿದರು. ನಾನು ನೋಡಿರಲಿಲ್ಲ. ನಾನು ಅವರನ್ನೇ ನೋಡುತ್ತಿದ್ದೆ.

"ಅವಳಿಗೆ ನಿದ್ದೆ ಬೇಕು ಕಣಯ್ಯ. ನಾನು ಹೇಳಿದ್ರೆ ಅಳ್ತಾಳೆ, ಮಗಳಂತೂ ಚಿಕ್ಕೋಳು. ನೀನೊಬ್ಬ ನನ್ನ ಪಕ್ಷ ಇರು."

ಅವರು ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ನಾನು ಅಕ್ಕನಿಗೆ ಹೇಳಿದೆ. ರೂಮು ಬಿಡಬೇಡಿ, ಭಾವ ಹೇಳುವುದೇ ಸರಿ ಎಂದೆ. ಅಕ್ಕ ಲೋಟ ಕೆಳಗಿಟ್ಟು, "ನೀವೂ ಇವರ ಜೊತೆ ಸೇರ್ಕೊಂಡ್ರಾ?" ಎಂದರು. ವಾಪಸು ಹೊರಟಾಗ ನನ್ನ ಹೆಂಡತಿಗೆ ಕುಂಕುಮ ಕೊಟ್ಟು ಕಳಿಸಿದರು, ನನ್ನ ಕಡೆ ನೋಡಲಿಲ್ಲ. ಅದಾದ ಮೇಲೆ ಬಹಳ ತಿಂಗಳು ನಾನು ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ, ತಂಗಿಯ ಫೋನಿಗೆ ಮಾತ್ರ ಮಾತು.

ಭಾವ ಆ ರೂಮಿಗೆ ಸೇರಿದರು. ಕಾರ್ಪೆಟ್ ಹಾಸಿದ ನೆಲ, ಗಾಲಿ ಕುರ್ಚಿ, ರಾತ್ರಿ ಮಗ್ಗುಲು ಬದಲಿಸಲು ಸರದಿಯ ಮೇಲೆ ಬರುವ ನರ್ಸುಗಳು. ಊಟ ಸಪ್ಪೆ ಎಂದು ಬೈಯುತ್ತಿದ್ದರು. ಅಕ್ಕ ದಿನಾ ಡಬ್ಬಿಯಲ್ಲಿ ಅನ್ನ ಸಾರು ತೆಗೆದುಕೊಂಡು ಹೋಗುತ್ತಿದ್ದರು. ಕನ್ನಡದವರು ಆಡಿಕೊಂಡರೋ ಇಲ್ಲವೋ ಕಾಣೆ. ಒಂದು ಮದುವೆಯ ಊಟದಲ್ಲಿ ಸಿಡ್ನಿಯ ಟೂಂಗಾಬಿಯ ಆಂಟಿಯೊಬ್ಬರು, ಮನೇಲೇ ನೋಡ್ಕೋಬಹುದಿತ್ತಲ್ವಾ ಎಂದು ನನ್ನ ಹೆಂಡತಿಯನ್ನು ಕೇಳಿದ್ದು ಮಾತ್ರ ಗೊತ್ತು. ಅವಳು ಎಲೆ ಬಿಟ್ಟು ಎದ್ದು ಬಂದಳು.

ನರ್ಸು ಫೋನ್ ಹಿಡಿದುಕೊಟ್ಟಾಗ ಭಾವ ನನ್ನ ಹತ್ತಿರ ಮಾತಾಡುತ್ತಿದ್ದರು. ದನಿ ಅಷ್ಟರಲ್ಲಿ ಪಿಸುಮಾತಿನಷ್ಟಾಗಿತ್ತು, ನಾನು ರೈಲಿನಲ್ಲಿದ್ದರೆ ಕೇಳಿಸುತ್ತಿರಲಿಲ್ಲ, ಇಳಿದು ಯಾವುದೋ ಸ್ಟೇಷನ್ನಿನಲ್ಲಿ ನಿಂತು ಕೇಳುತ್ತಿದ್ದೆ. ಕ್ರಿಕೆಟ್ಟು, ನನ್ನ ಮೊಣಕಾಲು, ಮಗನ ಕೆಲಸ. ಕೊನೆಗೆ ಪ್ರತಿ ಸಲವೂ ಒಂದು ಸುದ್ದಿ ಹೇಳುತ್ತಿದ್ದರು, ನಮ್ಮಿಬ್ಬರದೇ ಒಂದು ಗೆಲುವನ್ನು ಹಂಚಿಕೊಳ್ಳುವವರ ಹಾಗೆ: ನಿಮ್ಮಕ್ಕ ಈಗ ಚೆನ್ನಾಗಿ ನಿದ್ದೆ ಮಾಡ್ತಾಳಂತೆ. ನನಗೂ ಆಗ ಹಗುರವೆನಿಸುತ್ತಿತ್ತು. ಅಕ್ಕ ಮಾತು ಬಿಟ್ಟರೂ ಪರವಾಗಿಲ್ಲ, ಆದದ್ದು ಸರಿಯಾಯಿತು ಎಂದುಕೊಂಡು ಮುಂದಿನ ರೈಲು ಹತ್ತುತ್ತಿದ್ದೆ.

ಇನ್ನೊಂದು ಚಳಿಗಾಲವನ್ನು ಅವರು ಕಾಣಲಿಲ್ಲ. ಏಪ್ರಿಲ್‌ನಲ್ಲಿ ಎದೆಗೆ ಕಫ ಕಟ್ಟಿತು. ಇನ್ನೂ ಬೆಳಕು ಹರಿದಿರದ ಹೊತ್ತಿನಲ್ಲಿ ನನ್ನ ಫೋನು ರಿಂಗಾಯಿತು. ಆ ಕಡೆ ನರ್ಸು. ನಿದ್ದೆಯಲ್ಲೇ ಹೋದರು, ನೋವಾಗಲಿಲ್ಲ ಎಂದಳು. ಮೆಲ್ಬರ್ನಿನಲ್ಲೇ ಇರುವ ಹೆಂಡತಿಯನ್ನು ಬಿಟ್ಟು ಸಿಡ್ನಿಯ ನನಗೇಕೆ ಮೊದಲು ಹೇಳುತ್ತಿದ್ದೀರಿ ಎಂದು ಕೇಳಿದೆ. ಅವರೇ ಹೇಳಿಟ್ಟಿದ್ದರು ಎಂದಳು. ಏನೇ ಆದರೂ ಬೆಳಗಾಗುವ ಮೊದಲು ಅವಳಿಗೆ ಫೋನ್ ಮಾಡಬೇಡಿ, ಸಿಡ್ನಿಯಲ್ಲಿ ನನ್ನ ಷಡ್ಡಕ ಇದ್ದಾನೆ, ಅವನಿಗೆ ಮಾಡಿ, ಯಾವಾಗ ಹೇಳಬೇಕೆಂದು ಅವನಿಗೆ ಗೊತ್ತಾಗುತ್ತದೆ ಎಂದು ಒಬ್ಬೊಬ್ಬ ನರ್ಸಿಗೂ ಹೇಳಿದ್ದರಂತೆ.

ನಾನು ಹೆಂಡತಿಯನ್ನು ಎಬ್ಬಿಸಿ ಹೇಳಿದೆ. ಇಬ್ಬರೂ ಅಡಿಗೆ ಮನೆಯಲ್ಲಿ ಕೂತೆವು. ಅವಳು ಅಳುತ್ತಿದ್ದಳು, ನನಗೆ ಅಳು ಬರಲಿಲ್ಲ, ದಣಿವು ಮಾತ್ರ. ಕಿಟಕಿಯಾಚೆ ಬೆಳಕಾಯಿತು, ಪಕ್ಕದ ಮನೆಯವನು ಕಾರು ತೆಗೆದು ಕೆಲಸಕ್ಕೆ ಹೋದ. ಅಕ್ಕ ಎದ್ದು ಮುಖ ತೊಳೆದು ಒಂದು ಲೋಟ ಕಾಫಿ ಕುಡಿದಿರಬಹುದು ಎನಿಸಿದ ಮೇಲೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. ತಿಂಗಳುಗಳಿಂದ ಎತ್ತದವರು ಎತ್ತಿ, "ಹೇಳಿ" ಎಂದರು.

ಹೇಳಿದೆ. ನಿಮಗೆ ಯಾವಾಗ ತಿಳಿಯಿತು ಎಂದು ಕೇಳಿದರು. ಬೆಳಗಿನ ಜಾವ ಎಂದೆ. ನಿಮ್ಮ ನಿದ್ದೆ ಕೆಡಿಸಬಾರದೆಂದು ಭಾವ ಹೇಳಿಟ್ಟಿದ್ದರು, ಅದಕ್ಕೇ ಕಾದೆ ಎಂದೆ.

"ನಾನು ಎದ್ದೇ ಇದ್ದೆ" ಎಂದರು ಅಕ್ಕ. "ಅವರು ಈ ಮನೆ ಬಿಟ್ಟಾಗಿನಿಂದ ನಾನು ಒಂದು ರಾತ್ರೀನೂ ಕಣ್ಣು ಮುಚ್ಚಿಲ್ಲ. ಹೋದಾಗೆಲ್ಲ ಮೊದಲು ಅದನ್ನೇ ಕೇಳೋರು, ನಿದ್ದೆ ಬಂತಾ ಅಂತ. ಚೆನ್ನಾಗಿ ಬಂತು ಅಂತಿದ್ದೆ. ಎಷ್ಟು ಖುಷಿ ಪಡೋರು, ಗೊತ್ತಾ ನಿಮಗೆ?"

ಗೊತ್ತು ಅಕ್ಕ, ಎಂದೆ.